ಗೌರವ್ವ ನುಂಗಗೊಡದ ಗುಳಿಗೆ

ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳಬೇಕು ಎನ್ನುವಷ್ಟರಲ್ಲಿ ಗೌರವ್ವ ನನ್ನ ಮಣಿಕಟ್ಟು ಹಿಡಿದಳು. ಅರವತ್ತರ ದಶಕದ ಆರಂಭ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ನಾನು ಓಟಗಾರ್ತಿ, ಅವಳು ನಮ್ಮ ಹಾಸ್ಟೆಲಿನ ಅಡುಗೆಯಾಕೆ, ಪೈಲ್ವಾನನ ಮಗಳು. ಪಂದ್ಯಕ್ಕೆ ಮೂರೇ ದಿನ ಉಳಿದಿತ್ತು. ಬಿಡುವಿಲ್ಲದ ಅಭ್ಯಾಸದಿಂದ ನನ್ನ ತೊಡೆಗಳು ಕಲ್ಲಿನಂತಾಗಿದ್ದವು. ನುಂಗಿದರೆ ದಣಿವೇ ತಿಳಿಯದೆಂದು ಗೆಳತಿಯೊಬ್ಬಳು ಆ ಗುಳಿಗೆ ಕೊಟ್ಟಿದ್ದಳು.

“ದಣಿವು ತಿಳೀಲಿಲ್ಲಂದ್ರ ಕಾಲಿಗೆ ಆರಾಮಾತೇನವಾ? ಎರಡು ದಿನಾ ಓಡಬ್ಯಾಡ. ಹೊಟ್ಟಿತುಂಬ ಉಣ್ಣು, ಮಲಕ್ಕೊ. ಉಳಿದದ್ದು ನಾ ನೋಡತೇನಿ,” ಎಂದಳು.

ಎರಡು ಸಂಜೆಯೂ ಅವಳು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಬಿಸಿ ಕುಸುಬೆ ಎಣ್ಣೆ ಹಚ್ಚಿ, ತನ್ನಪ್ಪನ ಗರಡಿಯಲ್ಲಿ ಕಂಡಂತೆ ಮೀನಖಂಡದಿಂದ ತೊಡೆಯವರೆಗೆ ತಿಕ್ಕಿದಳು. ನೋವಿಗೆ ಅತ್ತೆ. ಅಭ್ಯಾಸ ತಪ್ಪಿತೆಂಬ ಭಯಕ್ಕೂ ಅತ್ತೆ. “ನಾನೂ ಭಾಳ ಓಡತಿದ್ದೆ. ಲಗ್ನಾತು, ನಿಂತ್ ಹೋತು,” ಎಂದಳು ಒಮ್ಮೆ, ತಲೆ ಎತ್ತದೆ.

ಪಂದ್ಯದ ದಿನ ಕಾಲು ಹಗುರವಾಗಿತ್ತು. ಎರಡನೆಯವಳಾಗಿ ಬಂದೆ, ಅಷ್ಟು ವೇಗವಾಗಿ ಹಿಂದೆಂದೂ ಓಡಿರಲಿಲ್ಲ. ಬೇಲಿಯಾಚೆ ನಿಂತಿದ್ದ ಗೌರವ್ವ ಬಹುಮಾನದ ಮಾತೇ ಎತ್ತಲಿಲ್ಲ. “ಕಾಲು ಹ್ಯಾಂಗದಾವು?” ಎಂದಷ್ಟೇ ಕೇಳಿದಳು.

ಮದುವೆಯಾಗಿ ನಾನು ಊರು ಬಿಟ್ಟೆ. ಕೆಲವು ವರ್ಷದ ಮೇಲೆ ಹುಡುಕಿಕೊಂಡು ಹೋದಾಗ ಅವಳು ಅಲ್ಲಿರಲಿಲ್ಲ; ಎಲ್ಲಿ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ. ದಿನವಿಡೀ ಒಲೆಯ ಮುಂದೆ ನಿಂತೇ ಇರುತ್ತಿದ್ದ ಅವಳ ಕಾಲುಗಳನ್ನು ಒಂದು ಸಂಜೆಯಾದರೂ ನಾನು ಒತ್ತಬೇಕಿತ್ತು ಎಂದು ಈಗಲೂ ಜೀವ ಹಂಬಲಿಸುತ್ತದೆ.