ಇಲಿ ಬಾಣಂತಿಗೊಂದು ಚೂರು ಕೊಬ್ಬರಿ

ಬೆಳಗಿನ ಆರು ಗಂಟೆ. ಅರಸೀಕೆರೆ ಊರಾಚೆಯ ಸಂಶೋಧನಾ ಕೇಂದ್ರದಲ್ಲಿ ಐವತ್ತೆರಡರ ಬೋರಮ್ಮ ಸ್ನಾನ ಮುಗಿಸಿ, ಹಬೆಯಲ್ಲಿ ಬೇಯಿಸಿದ ಹಸಿರು ಅಂಗಿ ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿ ಇಲಿಮನೆಯ ಬಾಗಿಲು ತೆರೆಯುತ್ತಾರೆ. ಕೊನೆಯ ಗೂಡಿನ ಮುಂದೆ ನಿಂತು ಇಣುಕುತ್ತಾರೆ. ಒಳಗಿರುವ ಬಸುರಿ ಇಲಿ ತನ್ನ ತಳಿಯಲ್ಲಿ ಉಳಿದಿರುವ ಒಂದೇ ಹೆಣ್ಣು. ಇವತ್ತೋ ನಾಳೆಯೋ ಹೆರಬೇಕು. ಅದು ಕೈಕೊಟ್ಟರೆ ತಳಿ ಅಲ್ಲಿಗೆ ಮುಗಿಯಿತು.

ಇವು ಮನೆಯ ಅಟ್ಟದ ಇಲಿಗಳಲ್ಲ. ರೋಗದೊಡನೆ ಹೋರಾಡುವ ರಕ್ತಕಣಗಳು ಬೆಳೆಯಲು ಯಾವ ಜೀನ್ ಬೇಕೆಂದು ತಿಳಿಯಲು, ವಿಜ್ಞಾನಿ ಲತಾಮಣಿ ಒಂದು ಜೀನನ್ನೇ ತೆಗೆದು ಬೆಳೆಸಿದ ಇಲಿಗಳು. ಅವಕ್ಕೆ ರೋಗ ತಡೆಯುವ ಶಕ್ತಿಯೇ ಇಲ್ಲ. ಹಾಗಾಗಿ ಬೇರೆ ತಳಿಗಳದೂ ಸೇರಿ ನೂರೆಂಬತ್ತು ಗೂಡುಗಳ ಕಾಳು, ನೀರು, ಮರದ ಹೊಟ್ಟು ಎಲ್ಲವೂ ಹಬೆಯಲ್ಲಿ ಬೆಂದೇ ಒಳಗೆ ಹೋಗಬೇಕು. ಬಸ್ತಿಹಳ್ಳಿಯಲ್ಲಿ ಹುಟ್ಟಿ, ಕೊಬ್ಬರಿ ಮಂಡಿಯ ಹಮಾಲಿ ಲಕ್ಕಪ್ಪನ ಕೈಹಿಡಿದು ಇಲ್ಲಿಗೆ ಬಂದ ಬೋರಮ್ಮ ಒಂಬತ್ತು ವರ್ಷದಿಂದ ಈ ಚಾಕರಿ ಮಾಡುತ್ತಿದ್ದಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಇಲಿ ಕಾಳು ಬಿಟ್ಟಿದೆ ಎಂಬುದು ಮಾತ್ರ ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಆ ಕಕ್ಕುಲಾತಿಯೇ ಕಳೆದ ತಿಂಗಳು ಮುಳುವಾಯಿತು. ಹೆತ್ತು ಸೊರಗಿದ್ದ ಇಲಿಯೊಂದಕ್ಕೆ ಅವರು ಮನೆಯಿಂದ ಕೊಬ್ಬರಿ ಚೂರು ತಂದುಕೊಟ್ಟರು.

“ಬಾಣಂತಿ ಕಣ್ರೀ ಅದು. ನಮ್ಮನೇಲಿ ಬಾಣಂತೀರ್ಗೆ ಕೊಬ್ರಿ ಬೆಲ್ಲ ಕೊಡ್ದೆ ಇರ್ತೀವಾ? ಕರುಳು ಚುರುಕ್ ಅಂತು, ತಂದ್ಬುಟ್ಟೆ.”

ಇಲಿಗೂ ಬಾಣಂತನವೇ ಎಂದು ನಾವು ನಗಬಹುದು. ಬೋರಮ್ಮನಿಗೆ ನಗು ಬರುವುದಿಲ್ಲ. ಕೊಬ್ಬರಿಯ ಜೊತೆ ಕಣ್ಣಿಗೆ ಕಾಣದ ಬೂಷ್ಟೂ ಒಳಗೆ ಬಂದಿತ್ತು. ಹತ್ತೇ ದಿನದಲ್ಲಿ ಈ ತಳಿಯ ನಲವತ್ತೊಂದು ಇಲಿಗಳು ಸತ್ತವು. ಬೇರೆ ಕೋಣೆಯಲ್ಲಿದ್ದ ಒಂದು ಜೋಡಿ ಮಾತ್ರ ಉಳಿಯಿತು.

ಕೊಬ್ಬರಿ ಕೊಟ್ಟದ್ದನ್ನು ಯಾರೂ ನೋಡಿರಲಿಲ್ಲ. ಆ ಜೀನ್ ಇಲ್ಲದಿದ್ದರೆ ಇಲಿಗಳು ತಾವಾಗಿಯೇ ಸಾಯುತ್ತವೆಂದು ಲತಾಮಣಿ ಬರೆಯಲು ಕೂತಿದ್ದರು. ಬೋರಮ್ಮ ಹೋಗಿ ಎದುರು ನಿಂತರು.

“ಕೆಲ್ಸ ಹೋದ್ರೆ ಹೋಗ್ಲಿ, ನನ್ನ ತಪ್ಪು ಅವುಗಳ ಮ್ಯಾಲೆ ಯಾಕೆ ಹೊರಿಸ್ಲಿ ಅಂತ ಹೇಳ್ಬುಟ್ಟೆ.”

ಕೆಲಸ ಹೋಗಲಿಲ್ಲ. “ಅವರು ಸುಮ್ಮನಿದ್ದಿದ್ದರೆ ನನ್ನ ನಾಲ್ಕು ವರ್ಷದ ಕೆಲಸ ಸುಳ್ಳಾಗ್ತಿತ್ತು. ಉಳಿದ ಜೋಡೀನ ಅವರ ಕೈಗೇ ಒಪ್ಪಿಸಿದೆ” ಎನ್ನುತ್ತಾರೆ ಲತಾಮಣಿ.

ಮರುದಿನ ಬೆಳಿಗ್ಗೆ ಬಸುರಿ ಇಲಿಯ ಆ ಕೊನೆಯ ಗೂಡಿನ ಹೊಟ್ಟಿನಡಿ ಏನೋ ಅಲುಗುತ್ತದೆ. ಬೋರಮ್ಮ ಕೈ ಹಾಕುವುದಿಲ್ಲ, ಬಗ್ಗಿ ಕಣ್ಣಲ್ಲೇ ಎಣಿಸುತ್ತಾರೆ. ಎರಡು ಸಲ ಎಣಿಸುತ್ತಾರೆ. ಬಾಗಿಲಾಚೆ ಲತಾಮಣಿ ದಾಖಲೆ ಪುಸ್ತಕ ಹಿಡಿದು ಕಾಯುತ್ತಿದ್ದಾರೆ.

“ಏಳು ಮರಿ ಮೇಡಂ, ಹಾಲು ಕುಡೀತಾವೆ,” ಎನ್ನುತ್ತಾರೆ ಬೋರಮ್ಮ. ಲತಾಮಣಿ ಬರೆದು ಪುಸ್ತಕ ಮುಚ್ಚಲು ಹೋಗುತ್ತಾರೆ.

“ತಡೀರಿ. ಇನ್ನೊಂದು ಸತ್ತು ಹುಟ್ಟೈತೆ. ಅದ್ನೂ ಬರ್ಕಳಿ.”