ಜಗಳ ಬಿಟ್ಟವರು

ಕರೋಶಿಯಲ್ಲಿ ನಮ್ಮ ನೆರೆಮನೆಯ ಯಜಮಾನರು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಅವರ ಬಾಯಿಗೆ ಹೆದರಿ ಊರೇ ದಾರಿ ಬಿಡುತ್ತಿತ್ತು. ಯೇಸುವನ್ನು ನಂಬಿದ ಮೇಲೆ, ಬೈಗುಳ ನಾಲಿಗೆಗೆ ಬಂದಾಗಲೆಲ್ಲ ಟೋಪಿ ತೆಗೆದು, “ಇರ್ಲಿ ಬಿಡ್ರಿ, ಮುಂದ ನಿತ್ಯಜೀವ ಐತಿ” ಎನ್ನತೊಡಗಿದರು. ಎಷ್ಟು ದಿನ ನಡೆದೀತು ಎಂದು ನಾವು ನಕ್ಕೆವು.

ಒಮ್ಮೆ ಚಿಕ್ಕೋಡಿ ರಸ್ತೆಯಲ್ಲಿ ಬೈಕಿನವನೊಬ್ಬ ಅವರ ಹೊಸ ಟ್ರ್ಯಾಕ್ಟರಿಗೆ ಗುದ್ದಿ, ದೀಪ ಒಡೆದು, ತಾನೂ ಬಿದ್ದ. ಜಗಳ ನೋಡಲು ನಾವೆಲ್ಲ ಓಡಿದೆವು. ಅವರು ಕೆಳಗಿಳಿದರು. ಮುಖ ಕೆಂಪೇರಿತ್ತು. ಟೋಪಿ ತೆಗೆದು ಕಣ್ಣು ಮುಚ್ಚಿ ನಿಂತರು. ಆಮೇಲೆ ಅವನನ್ನು ಕೈಹಿಡಿದು ಎಬ್ಬಿಸಿ, “ಪೆಟ್ಟಾತೇನೋ ತಮ್ಮಾ?” ಎಂದರು. ನಮಗೆ ಭಾರಿ ನಿರಾಸೆಯಾಯಿತು.

“ಅಕ್ಕಾರ, ಪರಲೋಕದಾಗೂ ಇವರ ಜೋಡಿನ ಇರ್ತೀರೇನ್ರಿ?” ಎಂದು ಅಂದು ಸಂಜೆ ಅವರ ಹೆಂಡತಿಯನ್ನು ಕೆಣಕಿದೆ.

“ಮೊದಲಿನ ಮನಿಷ್ಯಾ ಆಗಿದ್ರ ಈ ಜನ್ಮನ ಸಾಕಾಗಿತ್ತು,” ಎಂದು ನಕ್ಕರು. “ಈಗ ಎಷ್ಟ ವರ್ಷ ಆದ್ರೂ ಅಡ್ಡಿಯಿಲ್ಲರಿ.”