ಮೂಗಣ್ಣ ಮತ್ತು ತೊಟ್ಟಿಕ್ಕುವ ಕಾರು

ನನ್ನದು ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಗೋಡೆಗೆ ಗೋಡೆ ಅಂಟಿಕೊಂಡು ಮೂಗಣ್ಣನ ಗ್ಯಾರೇಜು. ಕಾರು ಕೆಟ್ಟವರು ಮೊದಲು ಅವನ ಹತ್ತಿರ ಹೋಗುತ್ತಾರೆ, ಆಮೇಲೆ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬರುತ್ತಾರೆ. ಊರಿನ ಗಾಡಿಗಳೆಲ್ಲ ಚೆನ್ನಾಗಿರಲಿ ಎಂದು ನಾನು ಯಾವತ್ತೂ ಬೇಡಿಕೊಂಡವನಲ್ಲ. ಹಾಗಂತ ಮೂಗಣ್ಣ ಕೆಡಲಿ ಎಂದೂ ಬೇಡಿಕೊಂಡಿರಲಿಲ್ಲ.

ಆ ಹೆಸರು ಬಂದದ್ದು ಮೂಗಿನ ಗಾತ್ರದಿಂದಲ್ಲ. ಗಾತ್ರದಲ್ಲಿ ಅದು ತೀರಾ ಸಾಧಾರಣ ಮೂಗು. ಕಾರಿನಡಿ ಏನಾದರೂ ಸೋರುತ್ತಿದ್ದರೆ ಅವನು ನೆಲದ ಮೇಲಿನ ಹನಿಗೆ ಬೆರಳದ್ದಿ ಮೂಸುತ್ತಿದ್ದ. ಬ್ರೇಕಿನ ಎಣ್ಣೆಯೋ, ಗೇರಿನದೋ, ಇಂಜಿನ್ನು ಕಾಯದಂತೆ ನೀರಿಗೆ ಬೆರೆಸುವ ಕೂಲಂಟೋ, ಮೂಸಿ ಹೇಳಿದನೆಂದರೆ ಎರಡನೇ ಮಾತಿರಲಿಲ್ಲ. ಸೋರಿಕೆ ಹಿಡಿಯುವ ಒಂದು ಯಂತ್ರವನ್ನು ಅವನಿಗೆ ಮಾರಲು ನಾನು ಒಮ್ಮೆ ಹೋಗಿದ್ದುಂಟು. "ಇದನ್ನ ಇಟ್ಕೊಂಡು ಮೂಗನ್ನೇನು ಮಾಡ್ಲಿ ಸಾವ್ಕಾರ್ರೆ, ನಿಮ್ಮಂಗ್ಡೀಲಿ ಮಾರಕ್ಕಿಡ್ತೀರಾ?" ಎಂದು ಕೇಳಿ ಕಳಿಸಿದ್ದ.

ಅಂಥ ಮೂಗಿಗೆ ಕೆಲವು ವರ್ಷದ ಹಿಂದೆ ಒಂದು ಜ್ವರ ತಗುಲಿತು. ಜ್ವರ ಬಿಟ್ಟುಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೆ ಅಂಗಡಿಯಲ್ಲಿ ಕೂತವನಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಣ್ಣಿಗೇ ಕೆಲಸ. ಮೂಗಣ್ಣ ಈಗ ಸೋರುವ ಕಾರು ಬಂದರೆ, ಇಂಜಿನ್ನು ಆರಲಿ, ಊಟವಾದ ಮೇಲೆ ಬನ್ನಿ ಎನ್ನತೊಡಗಿದ್ದ. ಮಧ್ಯಾಹ್ನ ಅವನ ಹೆಂಡತಿ ಬುತ್ತಿ ತರುತ್ತಿದ್ದಳು. ಊಟವಾಗುತ್ತಲೇ ಮೂಗಣ್ಣನಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಅನ್ನದಲ್ಲಿ ಅಷ್ಟು ಜ್ಞಾನವಿದ್ದರೆ ನಮಗೂ ಸ್ವಲ್ಪ ಬರಬೇಕಿತ್ತಲ್ಲ ಎಂದು ಒಂದು ದಿನ ಬೇಕೆಂದೇ ಬೀಗದ ಕೈ ಹುಡುಕುವ ನೆಪದಲ್ಲಿ ಅತ್ತ ಹೋದೆ. ಅವನು ಒದ್ದೆ ಚಿಂದಿಯೊಂದನ್ನು ಅವಳ ಮುಂದೆ ಹಿಡಿದಿದ್ದ. ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಮೂಸಿ, "ಬ್ರೇಕಿಂದು. ಬಿಸಿ ಆರೋಗತ್ತೆ, ಕೈ ತೊಳ್ಕೊಳ್ಳಿ" ಎಂದಳು.

ನಾನು ನೋಡಿದ್ದು ನೋಡಲಿಲ್ಲ ಎಂದುಕೊಂಡು ಬಂದೆ. ಇದನ್ನು ದೊಡ್ಡತನ ಎಂದುಕೊಳ್ಳಬೇಡಿ. ಅವನ ಹೆಸರು ಉಳಿದರೆ ನನ್ನ ಅಂಗಡಿ ಉಳಿಯುತ್ತಿತ್ತು.

ಆ ಹೆಂಡತಿ ಈ ವರ್ಷ ತೀರಿಕೊಂಡಳು. ಬೆಳಿಗ್ಗೆ ಎದೆ ಹಿಡಿದುಕೊಂಡಂತಾಗುತ್ತಿದೆ ಎಂದಳಂತೆ. ಅವಳ ತಮ್ಮ ಬಾಡಿಗೆ ಕಾರು ಓಡಿಸುವವನು. ಅವಳನ್ನು ಮುಂದಿನ ಸೀಟು ಒರಗಿಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹಾರಿಸಿದ. ಮೂಗಣ್ಣ ಹಿಂದೆ ಕೂತು ಅವಳ ಹೆಗಲು ಹಿಡಿದಿದ್ದ. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ.

ಸ್ವಲ್ಪ ಕಾಲದ ಮೇಲೆ ಗ್ಯಾರೇಜಿನ ಬಾಗಿಲು ಮತ್ತೆ ತೆರೆಯಿತು. ಬೆರಳು ಹನಿಗೂ ಮೂಗಿಗೂ ಹಿಂದಿನಂತೆಯೇ ಓಡಾಡುತ್ತಿತ್ತು. ಆದರೆ ಈಗ ಅವನು ಹೇಳುತ್ತಿದ್ದದ್ದೆಲ್ಲ ಕತ್ತಲಲ್ಲಿ ಎಸೆದ ಕಲ್ಲು. ಕೆಲವು ತಗಲುತ್ತಿದ್ದವು, ಕೆಲವು ಇಲ್ಲ. ತಪ್ಪಿದ ಕಾರುಗಳು ಮರಳಿ ಬಂದಾಗ, ಹೆಂಡತಿ ಹೋದ ದುಃಖ, ಪಾಪ, ಎಂದು ಜನ ಸುಮ್ಮನಾದರು. ದುಃಖದ ವಾಯಿದೆ ಎಲ್ಲಿಯವರೆಗೆ ಎಂಬುದು ವ್ಯಾಪಾರಸ್ಥನಾದ ನನಗೆ ಗೊತ್ತಿತ್ತು. ಅದು ಮುಗಿಯುವುದರೊಳಗೆ ಅವನು ಬೇರೆ ದಾರಿ ಕಂಡುಕೊಳ್ಳದಿದ್ದರೆ ಗ್ಯಾರೇಜು ಮುಚ್ಚಿದಂತೆಯೇ. ಆ ಯಂತ್ರದ ಮಾತು ಮತ್ತೆ ಎತ್ತಿದೆ. ಅದನ್ನು ಕೊಂಡರೆ ಬೀದಿಗೆಲ್ಲ ಡಂಗುರ ಹೊಡೆದಂತೆ ಎಂಬ ಅಂಜಿಕೆಯೇನೋ, ಮೂಗಿದೆಯಲ್ಲ ಎಂದು ಒಲ್ಲೆನೆಂದ.

ಆಗ ಬಂದದ್ದು ಅವನ ಭಾವಮೈದುನನ ಅದೇ ಬಾಡಿಗೆ ಕಾರು. ಇಂಜಿನ್ನು ಕಾಯುತ್ತಿತ್ತು, ಒಳಗಿನ ನೀರು ಇಳಿಯುತ್ತಿತ್ತು, ಎಲ್ಲಿ ಹೋಗುತ್ತಿದೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಅವನು ದಿನವೂ ಬೆಳಿಗ್ಗೆ ನಲ್ಲಿ ನೀರು ತುಂಬಿಸಿ ತುಂಬಿಸಿ ಕೂಲಂಟಿನ ಬಣ್ಣ, ಜಿಡ್ಡು ಎರಡೂ ತೊಳೆದುಹೋಗಿದ್ದವು. ಇಂಜಿನ್ನಿನ ಪೈಪುಗಳೆಲ್ಲ ಒಣಗಿದ್ದವು. ಕಾರಿನಡಿ ಬೀಳುತ್ತಿದ್ದದ್ದು ಎಸಿ ಪೈಪಿನ ತಿಳಿನೀರು ಮಾತ್ರ. ಅದು ಬೀದಿಯ ಎಲ್ಲ ಕಾರಿಗೂ ಬೀಳುತ್ತದೆ.

ಮೂಗಣ್ಣ ಮೊದಲು ರೇಡಿಯೇಟರಿನ ಮುಚ್ಚಳ ಬದಲಾಯಿಸಿದ, ಆಮೇಲೆ ಪೈಪು, ಆಮೇಲೆ ನೀರಿನ ಪಂಪು. ಎಲ್ಲ ನನ್ನ ಅಂಗಡಿಯಿಂದಲೇ. ತೆಗೆದು ಬಿಸಾಕಿದ ಹಳೆಯ ಪಂಪನ್ನು ಕೈಯಲ್ಲಿ ಹಿಡಿದು ನೋಡಿದೆ. ನನ್ನ ಅಳಿಯನಿಗಿಂತ ಗಟ್ಟಿಯಾಗಿತ್ತು, ಕೆಲಸದಲ್ಲೂ ಚುರುಕಾಗಿತ್ತು. ಇನ್ನೊಂದನ್ನೂ ಗಮನಿಸಿದೆ. ಕಾರಿನ ಹೊಟ್ಟೆಯಡಿ ಹೊಕ್ಕು ಬರುತ್ತಿದ್ದವನು, ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿಯುತ್ತಿದ್ದವನು, ಅದರ ಮುಂದಿನ ಎಡಗಡೆ ಬಾಗಿಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಆ ಬದಿಗೆ ಹೋಗಬೇಕಾದರೆ ಕಾರಿನ ಹಿಂದಿನಿಂದ ಸುತ್ತಿ ಬರುತ್ತಿದ್ದ.

ಕೊನೆಗೆ ಕಾರು ಏರಿನ ಮೇಲೆ ಪ್ರಯಾಣಿಕರಿರುವಾಗಲೇ ಕುದಿದು ಹೊಗೆಯಾಡಿತು. ಅವರು ಬೈದು ಬೇರೆ ಗಾಡಿ ಹತ್ತಿ ಹೋದರಂತೆ. ಭಾವಮೈದುನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ಇಳಿದ. ದನಿ ಎತ್ತರಿಸಲಿಲ್ಲ.

"ಭಾವ, ಇನ್ನೊಂದ್ಸಲ ಹೀಗೆ ಕಾದ್ರೆ ಇಂಜಿನ್ ಹೋಗತ್ತೆ. ಇಂಜಿನ್ ಹೋದ್ರೆ ನಾನೂ ಹೋದೆ ಅಂತ್ಲೇ ಲೆಕ್ಕ. ಗೊತ್ತಾಗ್ತಿಲ್ಲ ಅಂದ್ರೆ ಗೊತ್ತಾಗ್ತಿಲ್ಲ ಅನ್ನಿ. ನಾನೇನೂ ಅಂದ್ಕೊಳಲ್ಲ."

ಮೂಗಣ್ಣ ಕುಕ್ಕರುಗಾಲಿನಲ್ಲಿ ಕೂತು ನೆಲದ ಹನಿಗೆ ಬೆರಳದ್ದಿ ಮೂಗಿಗೆ ಹಿಡಿದ. "ಎಸಿ ನೀರು" ಎಂದ. ಭಾವಮೈದುನ ಟೀ ಅಂಗಡಿಯ ಕಡೆ ನಡೆದ.

ನಾನು ಸುಮ್ಮನಿರಬಹುದಿತ್ತು. ಆದರೆ ಇನ್ನೊಂದು ಪಂಪು ಮಾರುವ ಧೈರ್ಯ ನನಗೂ ಇರಲಿಲ್ಲ. ಡ್ರೈವರ್ ಕಡೆಯ ಕಿಟಕಿಯಲ್ಲಿ ತಲೆ ಹಾಕಿದೆ. ಗಿರಾಕಿಗಳನ್ನು ಮೆಚ್ಚಿಸಲು ತೂಗುಹಾಕಿದ್ದ ಅತ್ತರಿನ ಬಾಟಲಿ ಮೂಗಿಗೆ ಹೊಡೆಯಿತು. ಅದನ್ನು ಕಳಚಿ ದೂರ ಇಟ್ಟು ಮತ್ತೆ ತಲೆ ಹಾಕಿದೆ. ಅಡಿಯಲ್ಲಿ ಬೇರೊಂದು ವಾಸನೆಯಿತ್ತು, ಹಳಸಿದ ಬೆಲ್ಲದ ಪಾಕದಂಥದು. ವರ್ಷಗಟ್ಟಲೆ ಕೂಲಂಟಿನ ಡಬ್ಬಗಳ ನಡುವೆ ಕೂತವನಿಗೆ ಅದರ ಪರಿಚಯ ಬೇರೆಯವರು ಮಾಡಿಕೊಡಬೇಕಿಲ್ಲ.

"ಒಳಗೆ ಸಿಹಿ ವಾಸನೆ ಇದೆ" ಎಂದೆ.

ಅವನು ನನ್ನ ಕಡೆ ತಿರುಗಿದ. "ಯಾವಾಗಿಂದ ಗೊತ್ತು ನಿಮ್ಗೆ?"

"ಆಯಮ್ಮ ಚಿಂದಿ ಮೂಸಿದ ದಿನದಿಂದ."

ಅವನು ಕೈ ಒರೆಸಿಕೊಂಡ. ಒರೆಸುವಂಥದೇನೂ ಇರಲಿಲ್ಲ. ವಾಸನೆ ಯಾವ ಕಡೆ ಹೆಚ್ಚು ಎಂದು ಕೇಳಿದ. ಎಡಗಡೆ, ಮುಂದೆ, ಕಾಲಿಡುವ ಜಾಗದಲ್ಲಿ ಎಂದೆ.

"ನೀವೇ ಕೈ ಹಾಕಿ ನೋಡ್ರಲ್ಲ."

"ನಾನು ಮಾರೋನು ಕಣಯ್ಯ. ಮಾರೋನ ಕೈ ನಂಬಿ ರಿಪೇರಿ ಮಾಡಿದ್ರೆ ಕಾರು ಪೂರ್ತಿ ಬದಲಾಯಿಸ್ಬೇಕಾಗತ್ತೆ" ಎಂದೆ. ನಗಲೆಂದು ಹೇಳಿದ ಮಾತು. ನಗು ಬರಲಿಲ್ಲ.

ಅವನು ಸುತ್ತಿ ಬಂದು ಆ ಬಾಗಿಲು ತೆಗೆದ. ಸೀಟು ಒರಗಿಸಿದಂತೆಯೇ ಇತ್ತು. ಬಾಡಿಗೆಗೆ ಬಂದವರು ಹಿಂದೆ ಕೂರುತ್ತಿದ್ದರು, ತಮ್ಮನಿಗೂ ಅದನ್ನು ಎತ್ತಿ ನಿಲ್ಲಿಸಲು ಮನಸ್ಸು ಬಂದಿರಲಿಲ್ಲವೇನೋ. ಮೂಗಣ್ಣ ಸೀಟಿನತ್ತ ನೋಡದೆ ಮಂಡಿಯೂರಿ ಕೂತು, ಕಾಲೊರೆಸಿನ ಅಡಿಗೆ ಕೈ ತೂರಿಸಿದ. ಅಡಿಯ ಹಾಸು ನೆನೆದ ಹತ್ತಿಯಂತೆ ಒದ್ದೆಯಾಗಿತ್ತು, ಬೆಚ್ಚಗಿತ್ತು.

ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿನದೊಂದು ಪುಟ್ಟ ರೇಡಿಯೇಟರ್ ಇರುತ್ತದೆ. ಇಂಜಿನ್ನಿನ ಬಿಸಿನೀರು ಅದರೊಳಗೂ ಸುತ್ತಿ ಹೋಗುತ್ತದೆ. ಅದು ಒಡೆದಿತ್ತು. ಸೋರಿದ ನೀರಿನಲ್ಲಿ ಸ್ವಲ್ಪ ಆ ಹಾಸಿನೊಳಗೆ ಇಳಿದರೆ, ಮಿಕ್ಕದ್ದು ಎಸಿ ನೀರಿನ ಪೈಪಿನಿಂದಲೇ ಅದರ ಜೊತೆಗೂಡಿ ಹೊರಗೆ ಬೀಳುತ್ತಿತ್ತು. ಕಳ್ಳ ಪೊಲೀಸರ ಜೀಪಿನಲ್ಲೇ ಕೂತು ಊರು ಬಿಟ್ಟಂತೆ.

ಮೂಗಣ್ಣನಿಗೆ ಕೈ ಹಾಕುತ್ತಲೇ ಇದೆಲ್ಲ ತಿಳಿದಿರಬೇಕು. ಆದರೂ ಕೈ ತೆಗೆಯದೆ ಹಾಗೇ ಕೂತಿದ್ದ. ನಾನು ಅಂಗಡಿಗೆ ಹೋಗಿ ಒಂದು ಮೊಳದಷ್ಟು ಪೈಪು, ಎರಡು ಕ್ಲಿಪ್ಪು ತಂದೆ. ಮೂಗಣ್ಣ ಹೀಟರಿಗೆ ಹೋಗುವ, ಬರುವ ಎರಡು ಪೈಪುಗಳನ್ನೂ ಬಾನೆಟ್ಟಿನೊಳಗೇ ಕಳಚಿ, ಒಂದರ ಬಾಯನ್ನು ಇನ್ನೊಂದಕ್ಕೆ ಸೇರಿಸಿಬಿಟ್ಟ. ನೀರು ಇನ್ನು ಆ ಕಡೆ ಹೋಗುವಂತಿರಲಿಲ್ಲ. ಹೀಟರ್ ಇಲ್ಲವಾಯಿತು, ಅದು ಬೇಕಾಗುವಂಥ ಚಳಿ ಇಲ್ಲಿ ಬೀಳುವುದೂ ಇಲ್ಲ. ಕೂಲಂಟ್ ತುಂಬಿ ಬಹಳ ಹೊತ್ತು ಇಂಜಿನ್ನು ಓಡಿಸಿದ. ಕಾವಿನ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು.

ಭಾವಮೈದುನ ಬಂದು ಆ ಮುಳ್ಳನ್ನು ನೋಡಿದ, ಪೈಪಿನ ತುಂಡನ್ನು ನೋಡಿದ. "ಇಷ್ಟೇನಾ? ಇಷ್ಟಕ್ಕೆ ಅಷ್ಟೆಲ್ಲ ಬದಲಾಯಿಸಿದ್ರಾ ಭಾವ?"

ಎಸಿ ನೀರಿನಲ್ಲಿ ಬೆರೆತಿತ್ತು, ಯಾರಿಗಾದರೂ ಮೋಸವಾಗುವಂಥದೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂಥ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮೂಗಣ್ಣ ಅಷ್ಟರಲ್ಲಿ ಹೇಳಿಬಿಟ್ಟ, ತನಗೆ ವಾಸನೆ ಹೋಗಿ ವರ್ಷಗಳಾದವೆಂದು, ಇರುವವರೆಗೂ ಮೂಸಿ ಹೇಳುತ್ತಿದ್ದವಳು ಅವನ ಅಕ್ಕನೆಂದು.

ಭಾವಮೈದುನ ತೆರೆದಿದ್ದ ಬಾಗಿಲಿನ ಕಡೆ ನೋಡುತ್ತ ನಿಂತ. ಅಲ್ಲಿಂದಲೇ ಕೇಳಿದ.

"ಆವತ್ತು ದಾರೀಲಿ ಅಕ್ಕ ಅಂದ್ಲಲ್ಲ, ಏನೋ ಸಿಹಿ ವಾಸನೆ ಬರ್ತಿದೆ ಕಣೋ, ನಿಮ್ ಭಾವಂಗೆ ತೋರ್ಸು ಅಂತ. ನೀವು ಹಿಂದೇನೇ ಇದ್ರಿ. ಕೇಳ್ಸಿರ್ಲಿಲ್ವಾ?"

"ಕೇಳ್ಸಿತ್ತು" ಎಂದ ಮೂಗಣ್ಣ. "ಮಾತಾಡ್ಬೇಡ, ಸುಮ್ನೆ ಮಲಕ್ಕೋ ಅಂದೆ. ಮಲಕ್ಕೊಂಡ್ಲು."

ಭಾವಮೈದುನ ಸೀಟನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಬಾಗಿಲು ಮೆಲ್ಲಗೆ ಹಾಕಿ ಹೊರಟ. ಆ ಕಾರು ಮತ್ತೆ ಕಾದಿಲ್ಲ ಎಂದು ಕೇಳಿದ್ದೇನೆ. ಚಿಕ್ಕಪುಟ್ಟ ಕೆಲಸಕ್ಕೆ ಈಗ ಊರಾಚೆಯ ಗ್ಯಾರೇಜಿಗೆ ಹೋಗುತ್ತಾನೆ. ಜಗಳವೇನೂ ಇಲ್ಲ, ಎದುರಾದರೆ ನಿಂತು ಊಟ ಆಯ್ತಾ ಎಂದು ಕೇಳುತ್ತಾನೆ.

ಮೂಗಣ್ಣ ಈಗ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಾನೆ, ನನಗೆ ವಾಸನೆ ಬರುವುದಿಲ್ಲ, ನಿಮ್ಮ ಕಾರು, ನೀವೇ ಮೂಸಿ ಹೇಳಬೇಕು ಎಂದು. ಕೆಲವರು ತಮಾಷೆ ಎಂದುಕೊಂಡು ನಗುತ್ತಾರೆ. ಹೆಚ್ಚಿನವರು ಇನ್ನೊಂದು ದಿನ ಬರುತ್ತೇವೆ ಎಂದು ಹೋಗುತ್ತಾರೆ, ಆ ಇನ್ನೊಂದು ದಿನ ಬರುವುದಿಲ್ಲ. ಸುಳ್ಳು ಹೇಳುತ್ತಿದ್ದಾಗ ನಡೆದಷ್ಟು ವ್ಯಾಪಾರ ನಿಜಕ್ಕೆ ನಡೆಯುತ್ತಿಲ್ಲ, ಅವನಿಗೂ ನನಗೂ. ಯಾಕಯ್ಯ ಬಾಯಿ ಬಿಟ್ಟು ಕೆಡಿಸಿಕೊಂಡೆ ಎಂದು ಕೇಳೋಣವೆಂದುಕೊಂಡು ಎರಡು ಸಲ ಎದ್ದೆ, ಎರಡು ಸಲವೂ ಕೂತೆ.

ನಿನ್ನೆ ಒಬ್ಬ ಟೀಚರಮ್ಮ ಬಂದಿದ್ದರು. ಕಾರಿನಡಿಯ ಹನಿಯನ್ನು ಬೆರಳಿಗೆ ತಗೊಂಡು, ಮುಖ ಹಿಂಡಿ ಮೂಸಿ, "ಏನೋ ಒಂಥರಾ ಇದೆ, ಹೇಳಕ್ಕೆ ಬರ್ತಿಲ್ಲ" ಎಂದರು.

"ಅವಸರ ಇಲ್ಲಮ್ಮ, ಇನ್ನೊಂದ್ಸಲ ನೋಡಿ" ಎಂದ ಮೂಗಣ್ಣ. ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು, ಅವರ ಮುಖವನ್ನೇ ನೋಡುತ್ತ ಕಾಯುತ್ತಿದ್ದ.